ಬ್ಯಾಳಿ, ಬೇಲಿ ಮತ್ತು ಕಿವಿಯ ವಿದ್ಯೆ

ಧಾರವಾಡದ ಕಡೆಯವರ ಬಾಯಲ್ಲಿ ತೊಗರಿಬೇಳೆ ತೊಗರಿಬ್ಯಾಳಿ. ಪೇಟೆ ಅವರಿಗೆ ಪ್ಯಾಟಿ, ಬೇನೆ ಬ್ಯಾನಿ. ಆದರೆ ಹೊಲದ ಬೇಲಿ ಬೇಲಿಯೇ, ಊರೊಳಗಿನ ಕೇರಿ ಕೇರಿಯೇ. ಬ್ಯಾಲಿ, ಕ್ಯಾರಿ ಎಂದವರನ್ನು ನಾನು ಕೇಳಿಲ್ಲ. ಈ ಐದು ಮಾತುಗಳೂ ಅವರ ನುಡಿಯಲ್ಲಿ ಇಕಾರದಲ್ಲೇ ಮುಗಿಯುತ್ತವೆ. ಹಾಗಿದ್ದ ಮೇಲೆ ಮೂರಕ್ಕೆ ಬಾಯಿ ಅಗಲವಾಗಿ ತೆರೆದುಕೊಂಡು, ಉಳಿದೆರಡಕ್ಕೆ ತೆರೆಯದೆ ಇರುವುದು ಯಾಕೆ?

ಹುಬ್ಬಳ್ಳಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವ ನನ್ನ ಗೆಳತಿಯ ತಲೆಗೆ ಈ ಪ್ರಶ್ನೆ ಹೊಕ್ಕಿದ್ದು ಅವಳು ಭಾಷಾವಿಜ್ಞಾನದ ಎಂ.ಎ.ಗೆ ಸೇರಿದ ಮೊದಲ ವರ್ಷ. ನೌಕರಿ ಬಿಟ್ಟು ಓದುವ ಸ್ಥಿತಿ ಅವಳದಾಗಿರಲಿಲ್ಲ. ಬಿಡುವಿಗೆ ತಕ್ಕಂತೆ ಹಿಗ್ಗಿಸಿಕೊಳ್ಳಬಹುದಾದ ಕೋರ್ಸನ್ನು ಹುಡುಕಿಕೊಂಡಳು. ವಾರದ ದಿನಗಳಲ್ಲಿ ರಾತ್ರಿ ಓದು, ಭಾನುವಾರ ಆನ್‌ಲೈನ್ ತರಗತಿ, ದಸರೆ ಮತ್ತು ಬೇಸಿಗೆ ರಜೆಯಲ್ಲಿ ಗುರುಗಳ ಎದುರು ಕುಳಿತು ಪಾಠ. ಎರಡು ವರ್ಷದ ಓದನ್ನು ನಾಲ್ಕು ವರ್ಷಕ್ಕೆ ಹರಡಿಕೊಂಡಳು. ಆ ನಾಲ್ಕು ವರ್ಷ ಅವಳ ಪಕ್ಕದಲ್ಲಿದ್ದು ನೋಡಿದ ನನಗೆ ಒಂದು ಮಾತು ದೃಢವಾಗಿದೆ: ದುಡಿಯುತ್ತಾ ಕಲಿಯಬಹುದಾದ ವಿದ್ಯೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವ ಇನ್ನೊಂದಿಲ್ಲ. ಇದರ ಪ್ರಯೋಗಶಾಲೆ ಸುತ್ತಲಿನವರ ಬಾಯಿ. ಅದು ಬಸ್ಸಿನಲ್ಲೂ ಇದೆ, ಅಡುಗೆಮನೆಯಲ್ಲೂ ಇದೆ.

ಮೊದಲ ಕೆಲವು ತಿಂಗಳು ಪುಸ್ತಕಕ್ಕಿಂತ ಕಿವಿಗೇ ಹೆಚ್ಚು ಕೆಲಸ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಭಾಷಾ ಶಿಕ್ಷಕರು ಸೇರಿ ಕಟ್ಟಿದ ಸಂಘದಿಂದ ಅಂತರರಾಷ್ಟ್ರೀಯ ಧ್ವನಿಲಿಪಿ ಹುಟ್ಟಿತು. ಒಂದು ಧ್ವನಿಗೆ ಒಂದೇ ಗುರುತು, ಜಗತ್ತಿನ ಯಾವ ಭಾಷೆಯಾದರೂ ಸರಿ. ವಿದ್ಯಾರ್ಥಿ ಅದರ ಕೋಷ್ಟಕವನ್ನು ಬಾಯಿಪಾಠ ಮಾಡಿದರೆ ಸಾಲದು, ಪ್ರತಿಯೊಂದು ಗುರುತನ್ನೂ ನುಡಿಯಬೇಕು, ಬೇರೆಯವರು ನುಡಿದರೆ ಗುರುತಿಸಬೇಕು. ನಾವು ಮಾತಾಡಿದಂತೆಯೇ ಬರೆಯುತ್ತೇವೆ ಎಂದು ನಂಬಿದ ಕನ್ನಡಿಗರಿಗೆ ಇಲ್ಲಿ ಮೊದಲ ಅಚ್ಚರಿ ಕಾದಿರುತ್ತದೆ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಅನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಅನ್ನುತ್ತೇವೆ. ಬಾಯಿಯ ಮುಂದೆ ಅಂಗೈ ಹಿಡಿದು ‘ಖಾರ’ ಎಂದು ನೋಡಿ. ಮಹಾಪ್ರಾಣವಾದರೆ ಉಸಿರು ಬಿಸಿಯಾಗಿ ತಾಕಬೇಕು. ಅಡುಗೆಮನೆಯಲ್ಲಿ ಆಡುವ ಮಾತಿನಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಅದು ತಾಕುವುದಿಲ್ಲ, ಬರುವುದು ‘ಕಾರ’. ಇಪ್ಪತ್ತು ವರ್ಷ ಮಕ್ಕಳ ನೋಟುಪುಸ್ತಕದಲ್ಲಿ ‘ಕಾರ’ಕ್ಕೆ ತಪ್ಪು ಗೀಟು ಹಾಕಿದ್ದ ಗೆಳತಿ ಅಂದು ಸುಮ್ಮನೆ ಕುಳಿತುಬಿಟ್ಟಳು. ಮಗು ಕೇಳಿದ್ದನ್ನು ಕೇಳಿದ ಹಾಗೇ ಬರೆದಿತ್ತು. ಕಾಗುಣಿತ ತಪ್ಪು, ಕಿವಿ ಸರಿ. ಅಂದಿನಿಂದ ಅವಳು ಅಂಥ ಮಕ್ಕಳಿಗೆ ಈ ಎರಡನ್ನೂ ಬಿಡಿಸಿ ಹೇಳುತ್ತಾಳೆ.

ಕೇಳಿದ್ದನ್ನು ವಿಂಗಡಿಸುವುದು ಮುಂದಿನ ಹೆಜ್ಜೆ. ಬಲೆ–ಬಳೆ, ಮನೆ–ಮಣೆ, ಎಲೆ–ಎಲ್ಲೆ: ಒಂದೇ ಒಂದು ಧ್ವನಿ ಬದಲಾದರೆ ಅರ್ಥವೇ ಬೇರೆಯಾಗುವ ಇಂಥ ಜೋಡಿ ಸಿಕ್ಕರೆ, ಆ ಎರಡೂ ಆ ಭಾಷೆಯ ಬೇರೆ ಬೇರೆ ಧ್ವನಿಮಾಗಳು. ಜೋಡಿ ಸಿಗದೆ ಹೋದರೆ ಇನ್ನೂ ಹುಡುಕಬೇಕು. ಹಳೇ ಮೈಸೂರಿನ ಕಡೆಯವರು ‘ಬೇರೆ’ ಮತ್ತು ‘ಬೇರು’ ಎರಡನ್ನೂ ಒಂದರ ಹಿಂದೊಂದು ನಿಧಾನವಾಗಿ ಹೇಳಿಕೊಳ್ಳಿ. ‘ಬೇರೆ’ಯಲ್ಲಿ ದವಡೆ ಕೆಳಗಿಳಿಯುತ್ತದೆ, ‘ಬೇರು’ವಿನಲ್ಲಿ ಇಳಿಯುವುದಿಲ್ಲ. ಬರವಣಿಗೆಯಲ್ಲಿ ಇರುವುದು ಒಂದೇ ಏಕಾರ, ಬಾಯಲ್ಲಿ ಎರಡು. ಆಮ್‌ಸ್ಟರ್‌ಡ್ಯಾಮಿನ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದ ಪ್ರಾಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಧ್ವನಿಮುದ್ರಿಕೆಯನ್ನು ಅದಕ್ಕೆ ಕೊಟ್ಟರೆ ಪರದೆಯ ಮೇಲೆ ಧ್ವನಿಯ ಚಿತ್ರ ಮೂಡುತ್ತದೆ. ಬಾಯಿ ತೆರೆದಷ್ಟೂ ಸ್ವರದ ಮೊದಲ ಕಪ್ಪು ಪಟ್ಟಿ ಮೇಲೇರುತ್ತದೆ. ಕಿವಿ ಹೇಳಿದ್ದನ್ನು ಕಣ್ಣೂ ಒಪ್ಪುತ್ತದೆ.

ಈ ಎರಡು ಏಕಾರಗಳ ಜಾಡು ಹಿಡಿಯಲು ಮಾತುಗಳನ್ನು ಪಟ್ಟಿ ಮಾಡುತ್ತಾ ಹೋಗಬೇಕು, ಬೇರೆ ದಾರಿಯಿಲ್ಲ. ಬೇಡ, ಬೇರೆ, ಪೇಟೆ, ಬೇಳೆ ಒಂದು ಕಡೆ. ಬೇರು, ಬೇಲಿ, ಕೇರಿ ಇನ್ನೊಂದು ಕಡೆ. ಸ್ವಲ್ಪ ಹೊತ್ತು ನೋಡಿದರೆ ಗುಟ್ಟು ಬಿಡುತ್ತದೆ. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಏಕಾರ ತೆರೆದುಕೊಳ್ಳುತ್ತದೆ, ಇಕಾರವೋ ಉಕಾರವೋ ಇದ್ದರೆ ಮುಚ್ಚಿಕೊಂಡೇ ಇರುತ್ತದೆ. ಒಂದು ಬರುವ ಕಡೆ ಇನ್ನೊಂದು ಬರುವುದಿಲ್ಲ. ಅಂದರೆ ಇವು ಎರಡು ಧ್ವನಿಮಾಗಳಲ್ಲ, ಒಂದೇ ಧ್ವನಿಮಾದ ಎರಡು ವೇಷ. ಅದಕ್ಕೇ ಒಂದೇ ಅಕ್ಷರದಲ್ಲಿ ನಮ್ಮ ಕೆಲಸ ನಡೆದುಹೋಗಿದೆ. ಹಳ್ಳಿಯ ಮಾತನ್ನು ಬರೆಯುವ ಕತೆಗಾರರು ‘ಬ್ಯಾಡ’ ಎಂದು ಬರೆಯುತ್ತಾರೆ, ಮರದ ಬೇರಿಗೆ ಯಾರೂ ‘ಬ್ಯಾರು’ ಎಂದು ಬರೆಯುವುದಿಲ್ಲ. ಅವರ ಕಿವಿಗೆ ಈ ನಿಯಮ ಗೊತ್ತಿತ್ತು.

ಈಗ ಧಾರವಾಡದ ಬ್ಯಾಳಿಗೆ ಮರಳೋಣ. ಅಲ್ಲಿ ಮುಂದಿರುವುದು ಇಕಾರ, ಆದರೂ ಏಕಾರ ತೆರೆದುಕೊಂಡಿದೆ. ಕಂಡುಕೊಂಡ ನಿಯಮ ಮುರಿದುಬಿತ್ತೆಂದು ಗೆಳತಿ ಒಂದು ವಾರ ಪೇಚಾಡಿದಳು. ನೆರೆಮನೆಯ ಮುದುಕಿಯನ್ನು ಮತ್ತೆ ಮತ್ತೆ ಕೇಳಿದಳು. ಕಾಳು ಹಸನು ಮಾಡುತ್ತಿದ್ದ ಅವರು ಮೊರ ಕೆಳಗಿಟ್ಟು, “ಬ್ಯಾಳಿಗೆ ಬ್ಯಾಳಿ ಅನ್ನದ ಇನ್ನೇನ್ ಅಂತಾರ ತಂಗಿ? ಸಾಲಿ ಕಲಸಾಕಿ ನೀನು, ನಿನಗ ಗೊತ್ತಿಲ್ಲೇನ?” ಎಂದರಂತೆ. “ಗೊತ್ತೈತಿ ಆಯಿ, ನೀವ್ ಹೆಂಗ ಅಂತೀರಿ ಅದನ್ನ ಕೇಳಬೇಕಾಗೇತಿ” ಎಂದಳು ಇವಳು. ಅವರು ನಕ್ಕು ಇನ್ನಷ್ಟು ಮಾತು ಹೇಳಿದರು. ಮನಿ, ತಲಿ, ಕೆರಿ. ಉತ್ತರ ಅಲ್ಲಿತ್ತು.

ಮನೆ, ತಲೆ, ಕೆರೆಗಳ ಕೊನೆಯ ಎಕಾರ ಆ ಸೀಮೆಯಲ್ಲಿ ಇಕಾರವಾಗಿದೆ. ಅಂದರೆ ಬ್ಯಾಳಿಯ ಕೊನೆಯಲ್ಲೂ ಹಿಂದೆ ಎಕಾರವೇ ಇತ್ತು. ಆ ಎಕಾರದ ದೆಸೆಯಿಂದ ಮೊದಲ ಸ್ವರ ತೆರೆದುಕೊಂಡಿತು. ಆಮೇಲೆ ಎಕಾರ ಇಕಾರವಾಯಿತು. ಕಾರಣ ಹೋಯಿತು, ಅದರ ಗುರುತು ಉಳಿಯಿತು. ಮದುವೆ ಮುಗಿದು ಚಪ್ಪರ ಕಿತ್ತ ಮೇಲೂ ಅಂಗಳದಲ್ಲಿ ಗೂಟದ ಗುಂಡಿ ಉಳಿಯುವುದಿಲ್ಲವೆ, ಹಾಗೆ. ಬೇಲಿ ಮತ್ತು ಕೇರಿಗಳಿಗೆ ಮೊದಲಿಂದಲೂ ಇಕಾರವೇ, ಅಲ್ಲಿ ಚಪ್ಪರವನ್ನೇ ಹಾಕಿರಲಿಲ್ಲ. ಇಷ್ಟೇ ಅಲ್ಲ, ಎರಡು ಬದಲಾವಣೆಗಳಲ್ಲಿ ಯಾವುದು ಮೊದಲು ಎಂಬುದೂ ತೀರ್ಮಾನವಾಯಿತು. ಕೊನೆಯ ಎಕಾರ ಮೊದಲೇ ಇಕಾರವಾಗಿದ್ದರೆ ಇವತ್ತು ಧಾರವಾಡದವರು ‘ಬೇಳಿ’ ಅನ್ನುತ್ತಿದ್ದರು. ಯಾವ ಶಾಸನವನ್ನೂ ತೆರೆಯದೆ, ಕಾಳು ಹಸನು ಮಾಡುವ ಮುದುಕಿಯ ಬಾಯಿಂದ ಭಾಷೆಯ ಚರಿತ್ರೆಯ ಎರಡು ಘಟ್ಟಗಳ ಕ್ರಮ ಗೊತ್ತಾಗುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ಇದೇ ಕೈಚಳಕವನ್ನು ದೊಡ್ಡದಾಗಿ ಹರಡಿದರೆ ಭಾಷಾಕುಟುಂಬಗಳ ಚರಿತ್ರೆಯಾಗುತ್ತದೆ. ಕಿವಿಗೆ ತಮಿಳು, ಮಲಯಾಳ, ತೆಲುಗುಗಳಲ್ಲಿ ಚಕಾರದಿಂದ ಶುರುವಾಗುವ ‘ಚೆವಿ’, ತುಳುವಿನಲ್ಲಿ ‘ಕೆಬಿ’. ಇಕಾರ, ಎಕಾರಗಳ ಮುಂದೆ ಆ ಮೂರು ಭಾಷೆಗಳು ಕಕಾರವನ್ನು ಚಕಾರ ಮಾಡಿಕೊಂಡವು, ಕನ್ನಡ ಮತ್ತು ತುಳು ಹಳೆಯದನ್ನು ಕಾಪಾಡಿಕೊಂಡವು. ಹಾಲಿನ ವಿಷಯದಲ್ಲಿ ಇದು ತಿರುವುಮುರುವು. ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ಹಳೆಯ ಪಕಾರವನ್ನು ಉಳಿಸಿಕೊಂಡಿವೆ, ಕನ್ನಡ ಅದನ್ನು ಹಕಾರ ಮಾಡಿಕೊಂಡಿದೆ. ಇಂಥ ಸಾವಿರಾರು ಹೋಲಿಕೆಗಳನ್ನು ಒಂದೆಡೆ ಕೂಡಿಸಿದ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು 1961ರಲ್ಲಿ ಹೊರಬಂತು, 1984ರಲ್ಲಿ ಪರಿಷ್ಕೃತವಾಯಿತು. ಎಮೆನೋ 1930ರ ದಶಕದಲ್ಲಿ ನೀಲಗಿರಿಯ ಕೋತರು ಮತ್ತು ತೋಡರ ನಡುವೆ, ಕೊಡಗಿನಲ್ಲಿ ಕುಳಿತು ಅವರ ಮಾತನ್ನು ಬರೆದುಕೊಂಡವರು. ಆ ನಿಘಂಟಿನ ಹಿಂದೆಯೂ ಇರುವುದು ಕಿವಿಯೇ.

ಪದವನ್ನು ಬಿಡಿಸುವ ಕೆಲಸ ಕನ್ನಡಿಗರಿಗೆ ಅಷ್ಟು ಹೊಸದಲ್ಲ. 13ನೇ ಶತಮಾನದಲ್ಲೇ ಕೇಶಿರಾಜ ಅದನ್ನು ಮಾಡಿದ್ದಾನೆ. ‘ಮಾಡಿಸುತ್ತಿದ್ದಳು’ ಎಂಬುದನ್ನು ಮಾಡ್–ಇಸ್–ಉತ್ತ್–ಇದ್ದ್–ಅಳು ಎಂದು ಬಿಡಿಸಿ, ಒಂದೊಂದು ತುಂಡಿನ ಕೆಳಗೂ ಅದರ ಕೆಲಸವನ್ನು ಬರೆದು, ಅದರ ಕೆಳಗೆ ಇಡೀ ಮಾತಿನ ಅರ್ಥ ಕೊಡುವುದು ಇಂದಿನ ಪದ್ಧತಿ. ಮೂರು ಸಾಲಿನ ಈ ಬರವಣಿಗೆ ಕೈಗೆ ಹತ್ತಿದರೆ ಎಂದೂ ಕೇಳದ ಭಾಷೆಯ ರಚನೆಯನ್ನೂ ಓದಬಹುದು. ಇಲ್ಲಿ ಡಿ. ಎನ್. ಶಂಕರ ಭಟ್ಟರನ್ನು ನೆನೆಯಲೇಬೇಕು. ಕೊರಗ ಭಾಷೆಯ ಮೇಲೆ, ಮಣಿಪುರದ ಭಾಷೆಗಳ ಮೇಲೆ ಕೆಲಸ ಮಾಡಿದ ಅವರು ಆ ಅನುಭವದಿಂದ ತಿರುಗಿ ಕನ್ನಡವನ್ನು ನೋಡಿದರು. ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದ ವ್ಯಾಕರಣ ನಮ್ಮ ಮಾತಿಗೆ ಹೊಂದುವುದಿಲ್ಲ ಎಂದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದರು. ಅವರು ಸೂಚಿಸಿದ ಲಿಪಿ ಸುಧಾರಣೆಯನ್ನು ಒಪ್ಪದವರೂ ಈ ಪುಸ್ತಕವನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ.

ವಾಕ್ಯದ ಪಾಠದಲ್ಲಿ ನಾವೇ ನಮಗೆ ಸಾಕ್ಷಿ. ‘ರವಿ ಸುರೇಶನಿಗೆ ತನ್ನ ಮನೆ ತೋರಿಸಿದ’ ಎಂದರೆ ಮನೆ ಯಾರದು? ರವಿಯದು. ‘ಅವನ ಮನೆ ತೋರಿಸಿದ’ ಎಂದರೆ ಸುರೇಶನದೋ ಮೂರನೆಯವನದೋ ಆದೀತು. ಈ ನಿಯಮವನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ, ತಾಯಿಯೂ ಹೇಳಿಕೊಟ್ಟಿಲ್ಲ. ಆದರೂ ಐದು ವರ್ಷದ ಮಗುವಿನ ಮಾತಿನಲ್ಲೂ ‘ತನ್ನ’ ಬರುತ್ತದೆ.

ಕ್ಷೇತ್ರಕಾರ್ಯಕ್ಕೆ ಹೊರಟಾಗ ಮುಖ್ಯವಾಗುವುದು ನಡತೆ. ಮೊದಲು ಒಪ್ಪಿಗೆ ಕೇಳಬೇಕು. ‘ಇದಕ್ಕೆ ಏನಂತೀರಿ’ ಎಂದು ಬೆರಳು ತೋರಿಸಿ ಕೇಳುತ್ತಾ ಹೋದರೆ ಜನ ಪಟ್ಟಣದ ಮಾತನ್ನು ಒಪ್ಪಿಸಿಬಿಡುತ್ತಾರೆ. ರೊಟ್ಟಿ ಹೇಗೆ ಬಡಿಯುತ್ತೀರಿ, ಬರಗಾಲದಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ಮನೆಮಾತು ತಾನಾಗಿ ಹರಿದುಬರುತ್ತದೆ. ಊರು, ದಿನ, ಹೇಳಿದವರ ವಯಸ್ಸು ಎಲ್ಲವನ್ನೂ ಅಂದೇ ಬರೆದಿಡಬೇಕು. ಒಂದು ಗಂಟೆಯ ಮಾತನ್ನು ಕೇಳಿ ಬರೆದಿಳಿಸಲು ನನ್ನ ಗೆಳತಿಗೆ ಒಂದೊಂದು ಸಲ ಒಂದು ತಿಂಗಳ ರಾತ್ರಿಗಳು ಬೇಕಾದವು. ತಾಳ್ಮೆ ಈ ವಿದ್ಯೆಯ ಅರ್ಧ ಬಂಡವಾಳ.

ಬಿಡುವಿನಲ್ಲಿ ಕಲಿಯುವ ಭಾಷಾವಿಜ್ಞಾನ ನಮ್ಮ ದೇಶಕ್ಕೆ ಹೊಸದೇನಲ್ಲ. 1950ರ ದಶಕದ ನಡುವಿನಲ್ಲಿ ಪುಣೆಯ ಡೆಕ್ಕನ್ ಕಾಲೇಜು ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ರಜೆಯ ದಿನಗಳಲ್ಲಿ ಭಾಷಾವಿಜ್ಞಾನದ ಶಿಬಿರಗಳನ್ನು ನಡೆಸಿತು. ಕಾಲೇಜು ಅಧ್ಯಾಪಕರು ಪಾಠ ಮುಗಿಸಿ ರೈಲು ಹತ್ತಿ ಹೋಗಿ ಕಲಿತು ಬಂದರು. ಈ ವಿದ್ಯೆ ಭಾರತದಲ್ಲಿ ಬೇರು ಬಿಟ್ಟಿದ್ದು ಬಹುಪಾಲು ಹಾಗೆ. ಅದೇ ಸಂಸ್ಥೆಯಿಂದ 1958ರಲ್ಲಿ ವಿಲಿಯಂ ಬ್ರೈಟ್ ಆಡುಗನ್ನಡದ ವಿವರಣೆ ಪ್ರಕಟಿಸಿದರು. 1960ರ ದಶಕದಲ್ಲಿ ಹಾಲಕ್ಕಿ, ನಂಜನಗೂಡು, ಗುಲ್ಬರ್ಗ ಕನ್ನಡಗಳ ಮೇಲೆ ಒಂದೊಂದು ಪುಸ್ತಕ ಬಂತು.

ಈಗ ಅನುಕೂಲ ಹೆಚ್ಚಿದೆ. ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಏಳು ವರ್ಷದವರೆಗೆ ಜಮಾ ಇಟ್ಟುಕೊಳ್ಳಬಹುದು. ವಿಶ್ವವಿದ್ಯಾಲಯ ಒಪ್ಪಿದರೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ತಾಣದ ಮೂಲಕ ಮುಗಿಸಬಹುದು. ಹೊರದೇಶದಲ್ಲಿರುವ ಕನ್ನಡಿಗರಿಗೂ ದಾರಿಗಳಿವೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್ಟು, ಅದನ್ನು ಎರಡು ಮೂರು ವರ್ಷಕ್ಕೆ ಹಂಚಿಕೊಂಡು ಓದುವ ವ್ಯವಸ್ಥೆ ಹಲವು ಕಡೆ ಇದೆ.

ಆದರೆ ಒಂಟಿತನದ ಕಷ್ಟ ದೊಡ್ಡದು. ಕಿವಿಯ ಪಾಠವನ್ನು ಟಿಪ್ಪಣಿ ಓದಿ ಕಲಿಯಲಾಗುವುದಿಲ್ಲ. ಎರಡನೇ ವರ್ಷ ನನ್ನ ಗೆಳತಿ ಅಲ್ಲೇ ಮುಗ್ಗರಿಸಿ, ಓದು ಬಿಡುವ ಯೋಚನೆ ಮಾಡಿದ್ದಳು. ಆಗ ಸಹಪಾಠಿಯಾದ ನರ್ಸ್ ಒಬ್ಬಾಕೆ ಜೊತೆಯಾದಳು. ದಿನಾ ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ಒಬ್ಬಳು ಅರ್ಥವಿಲ್ಲದ ಧ್ವನಿಗಳ ಸರ ನುಡಿಯುವುದು, ಇನ್ನೊಬ್ಬಳು ಅದನ್ನು ಧ್ವನಿಲಿಪಿಯಲ್ಲಿ ಬರೆಯುವುದು, ಆಮೇಲೆ ತಾಳೆ ನೋಡುವುದು. ಆರು ತಿಂಗಳಲ್ಲಿ ಇಬ್ಬರ ಕಿವಿಯೂ ಹದಕ್ಕೆ ಬಂತು.

2011ರ ಜನಗಣತಿಯಲ್ಲಿ ದೇಶದ ಜನ ತಮ್ಮ ತಾಯ್ನುಡಿಗೆ ಹೇಳಿದ ಹೆಸರುಗಳು 19,569. ಅವನ್ನು ಜರಡಿ ಹಿಡಿದು 1,369 ಎಂದು ವಿಂಗಡಿಸಲಾಯಿತು, ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ ಭಾಷೆಗಳೆಂದು ಪಟ್ಟಿಯಾದವು 121. ಆ ಪಟ್ಟಿಗೆ ಬಾರದೆ ಉಳಿದ ಮಾತುಗಳನ್ನು ಕೂತು ಕೇಳುವವರು ಬೇಕು. ಊರಲ್ಲೇ ಇದ್ದು ದುಡಿಯುವ ಶಿಕ್ಷಕರು, ನರ್ಸುಗಳು, ಅಂಚೆಯವರಿಗಿಂತ ಅದಕ್ಕೆ ತಕ್ಕವರು ಯಾರಿದ್ದಾರೆ? ಸೇರುವ ಮನಸ್ಸಿದ್ದರೆ ಮೊದಲು ಪಠ್ಯಕ್ರಮ ತರಿಸಿ ನೋಡಿ. ಧ್ವನಿವಿಜ್ಞಾನಕ್ಕೆ ಗುರುಗಳ ಎದುರು ಕುಳಿತು ಕಲಿಯುವ ದಿನಗಳಿವೆಯೇ, ಕೊನೆಯಲ್ಲಿ ನೀವೇ ಸಂಗ್ರಹಿಸಿದ ಮಾತಿನ ಮೇಲೆ ಪ್ರಬಂಧ ಬರೆಸುತ್ತಾರೆಯೇ ಎಂದು ವಿಚಾರಿಸಿ. ಕಿವಿಗೆ ಪರೀಕ್ಷೆ ಇಡದ ಕೋರ್ಸಿಗೆ, ಎಷ್ಟೇ ಅನುಕೂಲವಾಗಿದ್ದರೂ, ದುಡ್ಡು ಕಟ್ಟಬೇಡಿ.