ಫ್ರಿಜ್ಜಿಗೆ ಯಾವುದು, ನೆಲುವಿಗೆ ಯಾವುದು?

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹಳ್ಳಿಗಳಲ್ಲಿ ಅಡಿಗೆಮನೆಯ ತಾಪತ್ರಯವೂ ಏರುವುದು. ಮುಂಜಾನೆ ಮಾಡಿದ ಪಲ್ಯ ಸಂಜೆಗೆ ಹಳಸುವುದು; ಕಾಸಿಟ್ಟ ಹಾಲು ಮಧ್ಯಾಹ್ನಕ್ಕೆ ಒಡೆಯುವುದು. 40 ಡಿಗ್ರಿ ದಾಟುವ ಈ ಸೆಕೆಯಲ್ಲಿ ತಾಯಂದಿರು ಅನ್ನ ಚೆಲ್ಲಿ ಚೆಲ್ಲಿ ಬೇಸತ್ತಿರುವುದು ಸಹಜ. ಆದುದರಿಂದ ಹಲವರು ಕಂತಿನ ಮೇಲೆ ಫ್ರಿಜ್ಜು ತಂದಿದ್ದಾರೆ. ತಂದದ್ದು ಒಳ್ಳೆಯದೇ, ಅದನ್ನು ನಾವು ಬೇಡವೆನ್ನುವುದಿಲ್ಲ.

ಆದರೆ ತಂದ ಮೇಲೆ ಆಗುತ್ತಿರುವುದೇನು? ಉಳ್ಳಾಗಡ್ಡಿ ಒಳಗೆ, ಬಟಾಟಿ ಒಳಗೆ, ಬೆಲ್ಲ ಒಳಗೆ, ಉಪ್ಪಿನಕಾಯಿಯ ಭರಣಿಯೂ ಒಳಗೆ. ಕೂಸಿಗೆ ಕುಡಿಸುವ ಹಾಲು ಮಾತ್ರ ಜಾಗವಿಲ್ಲದೆ ಒಲೆಯ ಮಗ್ಗುಲಲ್ಲಿ! ಥಂಡಿ ಬೇಡದ್ದಕ್ಕೆ ಥಂಡಿ ಕೊಟ್ಟು, ಬೇಕಾದುದನ್ನು ಸೆಕೆಗೆ ಬಿಟ್ಟರೆ ಹಣವೂ ಹೋಯಿತು, ಹೊಟ್ಟೆಯೂ ಕೆಟ್ಟಿತು. ಯಾವುದನ್ನು ಎಲ್ಲಿಡಬೇಕೆಂಬುದನ್ನು ಈ ವಾರ ವಿವರವಾಗಿ ನೋಡೋಣ.

ಕೆಡುವ ಬಗೆ ಮೂರು

ಎಲ್ಲ ಪದಾರ್ಥಗಳೂ ಒಂದೇ ರೀತಿಯಿಂದ ಕೆಡುವುದಿಲ್ಲ. ಈ ಮಾತನ್ನು ತಿಳಿದುಕೊಂಡರೆ ಉಳಿದುದೆಲ್ಲ ಸುಲಭ.

ಮೊದಲನೆಯ ಗುಂಪು ಬೇಯಿಸಿದ ಅಡಿಗೆ, ಹಾಲು, ಮಾಂಸ, ಮೀನು. ಇವುಗಳಲ್ಲಿ ಜೀವವಿಲ್ಲ, ನೀರಿದೆ, ಸತ್ವವಿದೆ. ಸೂಕ್ಷ್ಮಜಂತುಗಳಿಗೆ ಇದಕ್ಕಿಂತ ಒಳ್ಳೆಯ ಹೊಲ ಬೇರೊಂದಿಲ್ಲ. ಬೆಚ್ಚಗಿನ ಅಡಿಗೆಯಲ್ಲಿ ಕೆಲವು ಜಂತುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಲೆಕ್ಕ ಹಾಕಿ ನೋಡಿರಿ: ಒಂದಿದ್ದದ್ದು ನಾಲ್ಕು ತಾಸಿನಲ್ಲಿ 4096 ಆಗುವುದು. 5 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣಮಾನ ಇವುಗಳ ಬೆಳೆಗೆ ಹದವಾದುದು. ಅದಕ್ಕಿಂತ ಬಿಸಿಯಾಗಿಟ್ಟರೆ ಅವು ಬೆಳೆಯವು. ಅದಕ್ಕಿಂತ ಥಂಡಿಯಾಗಿಟ್ಟರೆ ಬೆಳವಣಿಗೆ ಬಹಳ ನಿಧಾನವಾಗುವುದು. ಥಂಡಿ ಜಂತುಗಳನ್ನು ಕೊಲ್ಲುವುದಿಲ್ಲ, ತಡೆಹಿಡಿಯುವುದು ಅಷ್ಟೇ ಎಂಬುದನ್ನು ಮರೆಯಬಾರದು.

ಎರಡನೆಯ ಗುಂಪು ಕಾಯಿ, ಹಣ್ಣು, ಗಡ್ಡೆ. ಬಳ್ಳಿಯಿಂದ ಕಿತ್ತ ಮೇಲೂ ಇವುಗಳಿಗೆ ಜೀವವಿರುವುದು; ಇವು ಉಸಿರಾಡುವವು. ಇವುಗಳಲ್ಲಿ ಕೆಲವಕ್ಕೆ ಥಂಡಿ ಹಿತ; ಕೆಲವು ಥಂಡಿಯಲ್ಲಿ ಕಳೆಗೆಡುವವು.

ಮೂರನೆಯ ಗುಂಪು ಕಾಳುಕಡಿ, ಬೆಲ್ಲ, ಉಪ್ಪಿನಕಾಯಿ, ತುಪ್ಪ, ಹಿಂಡಿ. ಇವುಗಳನ್ನು ಕಾಯುವುದು ಥಂಡಿಯಲ್ಲ; ನೀರಿಲ್ಲದಿರುವಿಕೆ, ಉಪ್ಪು, ಸಿಹಿ ಅಥವಾ ಹುಳಿ. ಇವುಗಳಿಗೆ ತೇವವೇ ವೈರಿ.

ಥಂಡಿ ಬೇಕೇ ಬೇಕಾದವು

ಫ್ರಿಜ್ಜಿನಲ್ಲಿ ಮೊದಲ ಜಾಗ ಹಾಲಿಗೆ. ಹಾಲನ್ನು ಉಕ್ಕಿಸಿ, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗನೆ ಆರಿಸಿ, ಮುಚ್ಚಿ ಒಳಗಿಡಬೇಕು. ಬಾಗಿಲಿನ ಕಪಾಟಿನಲ್ಲಿ ಇಡಬೇಡಿರಿ. ಬಾಗಿಲು ತೆಗೆದಾಗಲೆಲ್ಲ ಅಲ್ಲಿಗೆ ಬಿಸಿಗಾಳಿ ತಗಲುವುದು. ಹಿಂಭಾಗವೇ ಹೆಚ್ಚು ತಂಪು.

ಮೊಸರಿನ ಹುಳಿ ತಾನೇ ಅದನ್ನು ಕೆಲಮಟ್ಟಿಗೆ ಕಾಯುವುದು. ಆದುದರಿಂದ ಹೆಪ್ಪು ಹಾಕುವಾಗ ಹೊರಗೆ, ಗಟ್ಟಿಯಾದ ಮೇಲೆ ಒಳಗೆ. ಹೊರಗೇ ಬಿಟ್ಟರೆ ಹುಳಿ ಏರುತ್ತ ಹೋಗುವುದು. ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶವಿರುವುದರಿಂದ ಅದು ಕೆಡುವಂತಹುದೇ. ನೀರಿನಲ್ಲಿ ಮುಳುಗಿಸಿ ದಿನಾಲೂ ನೀರು ಬದಲಿಸುವ ನಮ್ಮ ಹಿರಿಯರ ಉಪಾಯ ಒಂದೆರಡು ದಿನಕ್ಕೆ ಸಾಕು. ಹೆಚ್ಚಿಗೆ ಇಡುವುದಾದರೆ ಥಂಡಿ ಬೇಕು, ಇಲ್ಲವೆ ಕಾಸಿ ತುಪ್ಪ ಮಾಡಬೇಕು.

ಉಳಿದ ಅನ್ನ, ಸಾರು, ಪಲ್ಯ, ಬೇಯಿಸಿದ ಬೇಳೆ ಇವನ್ನು ಎರಡು ತಾಸಿನೊಳಗಾಗಿ ಒಳಗಿಡಬೇಕು. ನಮ್ಮ ಬೇಸಗೆಯಲ್ಲಿ ಒಂದು ತಾಸೇ ಮಿತಿ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಜಂತುವಿನ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಅದು ಮೊಳೆತು ವಿಷ ಬಿಡುವುದು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. “ಬಿಸಿ ಮಾಡಿದರೆ ಎಲ್ಲ ಸರಿಹೋಗುವುದು” ಎಂಬುದು ತಪ್ಪು ತಿಳುವಳಿಕೆ. ಮದುವೆ, ಜಾತ್ರೆಗಳಲ್ಲಿ ದೊಡ್ಡ ಪಾತ್ರೆಯ ಅನ್ನವನ್ನು ರಾತ್ರಿಯಿಡೀ ಹಾಗೇ ಮುಚ್ಚಿಟ್ಟು ಮರುದಿನ ಬಡಿಸುವುದು ಅಪಾಯಕರ. ಉಳಿದರೆ ಅಗಲವಾದ ಪರಾತಿನಲ್ಲಿ ತೆಳ್ಳಗೆ ಹರವಿ ಆರಿಸಿ, ಸಣ್ಣ ಡಬ್ಬಿಗಳಲ್ಲಿ ಇಡತಕ್ಕದ್ದು.

ಮಾಂಸ, ಮೀನುಗಳನ್ನು ತಂದೊಡನೆ ಕೆಳಗಿನ ಅಂತಸ್ತಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಇಡಿರಿ. ಅದರ ನೀರು ಬೇರೆ ಅಡಿಗೆಯ ಮೇಲೆ ಸೋರಬಾರದು. ಒಂದೆರಡು ದಿನದಲ್ಲಿ ತೀರಿಸಿಬಿಡಬೇಕು. ಹಸಿ ಕೊಬ್ಬರಿ ತುರಿ, ದೋಸೆಯ ಹಿಟ್ಟು, ಹೆಚ್ಚಿದ ಹಣ್ಣು, ಹಸಿ ಚಟ್ನಿ ಇವೂ ಥಂಡಿಯ ಗುಂಪಿನವೇ. ಮೆಂತ್ಯೆ, ಕೊತ್ತಂಬರಿ, ರಾಜಗಿರಿ ಮುಂತಾದ ತಪ್ಪಲು ಪಲ್ಯಗಳಿಗೆ ಬೇರು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿಡಬೇಕು. ದ್ರಾಕ್ಷಿಗೆ ಥಂಡಿ ಬಹಳ ಹಿತ. ತೊಳೆಯದೆ ಇಟ್ಟು, ತಿನ್ನುವಾಗ ತೊಳೆಯಿರಿ.

ಮನೆಯಲ್ಲಿ ಯಾರಿಗಾದರೂ ಸಕ್ಕರೆ ರೋಗಕ್ಕೆ ಇನ್ಸುಲಿನ್ ಚುಚ್ಚುಮದ್ದು ನಡೆದಿದ್ದರೆ, ಬಳಸದ ಶೀಶೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡತಕ್ಕದ್ದು. ಬರ್ಫದ ಖಾನೆಯಲ್ಲಿ ಮಾತ್ರ ಎಂದೂ ಇಡಬಾರದು; ಒಮ್ಮೆ ಹೆಪ್ಪುಗಟ್ಟಿದ ಮದ್ದು ಕೆಲಸಕ್ಕೆ ಬಾರದು.

ಥಂಡಿಯನ್ನು ಸಹಿಸದವು

ನಮ್ಮ ರೈತರ ಜೀವಾಳವಾದ ಉಳ್ಳಾಗಡ್ಡಿಯಿಂದಲೇ ಮೊದಲು ಮಾಡೋಣ. ಅದಕ್ಕೆ ಬೇಕಾದುದು ಒಣಹವೆ ಮತ್ತು ಗಾಳಿ. ದೊಡ್ಡ ಶೀತಗೃಹಗಳಲ್ಲಿ ಉಳ್ಳಾಗಡ್ಡಿ ಇಡುವುದುಂಟು. ಆದರೆ ಅಲ್ಲಿ 0ಯಿಂದ 2 ಡಿಗ್ರಿ ಥಂಡಿಯೊಡನೆ ಗಾಳಿಯನ್ನೂ ಒಣಗಿಸಿಟ್ಟಿರುವರು. ಮನೆಯ ಫ್ರಿಜ್ಜು ಅಷ್ಟು ಥಂಡಿಯೂ ಅಲ್ಲ, ಅಷ್ಟು ಒಣಗಿದ್ದೂ ಅಲ್ಲ. ಅದರಲ್ಲಿ ಗಡ್ಡೆ ಮೆತ್ತಗಾಗಿ ಮೊಳಕೆ ಒಡೆಯುವುದು, ಕೊಳೆಯುವುದು. ಜೊತೆಗೆ ಹಾಲಿಗೂ ಅದರ ವಾಸನೆ ಹತ್ತುವುದು. ಹೆಚ್ಚಿದ ಗಡ್ಡೆಯನ್ನು ಮಾತ್ರ ಮುಚ್ಚಿ ಒಳಗಿಡಬಹುದು.

ಧಾರಣೆ ಇಳಿದಾಗ ಅಡತಿ ಅಂಗಡಿಗೆ ಓಡದೆ ಕೆಲವು ತಿಂಗಳು ತಡೆದು ಮಾರಬೇಕೆನ್ನುವವರು ಈ ಮಾತುಗಳನ್ನು ನೆನಪಿಡಬೇಕು. ಮುಂಗಾರಿ ಉಳ್ಳಾಗಡ್ಡಿ ಬಹಳ ದಿನ ಬಾಳದು. ಇಡತಕ್ಕದ್ದು ಹಿಂಗಾರಿ, ಬೇಸಗೆಯ ಗಡ್ಡೆ. ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ಅರ್ಧಕ್ಕರ್ಧ ತಪ್ಪಲು ಬಾಗಿದ ಮೇಲೆ ಕಿತ್ತು, ಗಡ್ಡೆಯ ಮೇಲೆ ಅದರ ತಪ್ಪಲೇ ಬರುವಂತೆ ಸಾಲಾಗಿ ಹೊಲದಲ್ಲಿ 3–5 ದಿನ ಒಣಗಿಸಬೇಕು. ಕುತ್ತಿಗೆಯನ್ನು ಸುಮಾರು ಒಂದು ಇಂಚು ಬಿಟ್ಟು ಕತ್ತರಿಸಿ, ಮತ್ತೆ 10–12 ದಿನ ನೆರಳಿನಲ್ಲಿ ಹರವಬೇಕು. ದಪ್ಪ ಕುತ್ತಿಗೆಯವು, ಪೆಟ್ಟು ತಿಂದವು, ಜೋಡುಗಡ್ಡೆ ಇವನ್ನು ಆರಿಸಿ ಮೊದಲೇ ಮಾರಿಬಿಡಿರಿ. ನಮ್ಮ ಕಡೆ ಕಾಂದಾ ಚಾಳ ಎನ್ನುವ ಚಪ್ಪರವನ್ನು ನೆಲದಿಂದ ಒಂದೂವರೆ-ಎರಡು ಅಡಿ ಎತ್ತರಿಸಿ, ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಆಡುವಂತೆ ಕಟ್ಟಬೇಕು. ರಾಶಿ ನಾಲ್ಕೈದು ಅಡಿಗಿಂತ ಎತ್ತರವಾದರೆ ಕೆಳಗಿನ ಗಡ್ಡೆ ಕಾವಿಗೆ ಕೊಳೆಯುವುದು.

ಬಳ್ಳೊಳ್ಳಿಗೂ ಇದೇ ಮಾತು. ಗೊಂಚಲು ಕಟ್ಟಿ ತೂಗುಹಾಕುವ ಹಳೆಯ ಪದ್ಧತಿಯೇ ಒಳ್ಳೆಯದು.

ಬಟಾಟಿಯನ್ನು ಬಹಳ ಥಂಡಿಯಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ತಿರುಗುವುದು. ರುಚಿ ಸಿಹಿಯಾಗಿ, ಕರಿದರೆ ಕಪ್ಪಾಗುವುದು. ಕತ್ತಲೆಯ, ಗಾಳಿಯಾಡುವ ಮೂಲೆಯೇ ಅದಕ್ಕೆ ಸರಿ. ಬೆಳಕಿಗೆ ಹಸಿರಾದ ಬಟಾಟಿಯಲ್ಲಿ ವಿಷದ ಅಂಶ ಹೆಚ್ಚುವುದು, ಅದನ್ನು ತಿನ್ನಬಾರದು. ಉಳ್ಳಾಗಡ್ಡಿ ಮತ್ತು ಬಟಾಟಿ ಒಂದೇ ಬುಟ್ಟಿಯಲ್ಲಿ ಇರಲಾಗದು. ಒಂದರ ತೇವ ಇನ್ನೊಂದನ್ನು ಕೆಡಿಸುವುದು.

ಬಾಳೆಹಣ್ಣಿಗೆ 13 ಡಿಗ್ರಿಗಿಂತ ಕಡಿಮೆಯಾದರೆ ಸಿಪ್ಪೆ ಕರ್ರಗಾಗುವುದು. ಕಾಯಿಯಾಗಿದ್ದರೆ ಮುಂದೆ ಹಣ್ಣೇ ಆಗದು. ಮಾವಿನಕಾಯಿಯೂ ಹೊರಗೇ ಹಣ್ಣಾಗಬೇಕು. ಪೂರ್ತಿ ಹಣ್ಣಾದ ಮೇಲೆ ಎರಡು-ಮೂರು ದಿನ ಒಳಗಿಡಬಹುದು. ಟೊಮ್ಯಾಟೊಗೂ ಹಾಗೆಯೇ, ಅರೆಹಣ್ಣನ್ನು ಥಂಡಿಗಿಟ್ಟರೆ ರುಚಿ ಹೋಗುವುದು. ಬದನೆ, ಸೌತೆ, ಬೆಂಡೆಗಳಿಗೂ ಬಹಳ ಥಂಡಿಯಲ್ಲಿ ತಗ್ಗು ಬಿದ್ದು ಲೋಳೆಯಾಗುವ ಸ್ವಭಾವವುಂಟು. ನಮ್ಮ ಭಾಗದ ಹೆಸರಾದ ಬೆಳೆ ದಾಳಿಂಬರಕ್ಕೆ ಗಟ್ಟಿ ಸಿಪ್ಪೆಯ ಕವಚವಿದೆ; ಒಂದು ವಾರ ಹೊರಗೆ ಬಾಳುವುದು, ತಂಪಿನಲ್ಲಿ ಇನ್ನೂ ಹಲವು ವಾರ ಬಾಳುವುದು.

ಒಣಗಿದ್ದು ಬಾಳುವುದು

ಜೋಳದ ರೊಟ್ಟಿಯನ್ನು ನೋಡಿರಿ. ಮೆತ್ತನೆಯ ರೊಟ್ಟಿಯನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗಿಗಿಂತ ಬೇಗ ಬಿರುಸಾಗುವುದು. ಬೆಂದ ಪಿಷ್ಟ ಥಂಡಿಯಲ್ಲಿ ಬೇಗ ಗಟ್ಟಿಗೊಳ್ಳುವುದೇ ಇದರ ಕಾರಣ. ಪೇಟೆಯ ಬ್ರೆಡ್ಡಿಗೂ ಇದೇ ಗತಿ. ಅದೇ ರೊಟ್ಟಿಯನ್ನು ತೆಳ್ಳಗೆ ಬಡಿದು ಕಡಕ್ ಮಾಡಿದರೆ ವಾರಗಟ್ಟಲೆ ಬುಟ್ಟಿಯಲ್ಲಿ ಬಾಳುವುದು. ಜಂತುವಿಗೆ ಬೇಕಾದ ನೀರೇ ಅದರಲ್ಲಿ ಉಳಿದಿಲ್ಲ.

ಜೋಳದ ಕಾಳು ವರ್ಷಗಟ್ಟಲೆ ಬಾಳಬಲ್ಲದು, ಹಿಟ್ಟು ಬಾಳದು. ಹಳೆಯ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಹರಿಯುವುದು; ಸಜ್ಜೆಯ ಹಿಟ್ಟಂತೂ ಕೆಲವೇ ದಿನಗಳಲ್ಲಿ ಕಹಿಯಾಗುವುದು. ವಾರಕ್ಕೆ ಬೇಕಾದಷ್ಟೇ ಬೀಸಿಸುವುದು ಲೇಸು. ಹಗೇವಿನಲ್ಲಿ ಜೋಳ ಕೆಡದಿರುವುದಕ್ಕೂ ಕಾರಣವಿದೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಪ್ರಾಣವಾಯು ತೀರುವುದು. ಹುಳುಗಳು ಉಸಿರುಕಟ್ಟಿ ಸಾಯುವವು. ಅದೇ ಗತಿ ಮನುಷ್ಯನಿಗೂ ಬರಬಹುದು. ಬಾಯಿ ತೆಗೆದೊಡನೆ ಯಾರೂ ಇಳಿಯಕೂಡದು. ರಾತ್ರಿಯಿಡೀ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಸಾವು ಕುಳಿತಿದೆಯೆಂದೇ ತಿಳಿಯಿರಿ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಇಳಿಯಬೇಡಿರಿ.

ಶೇಂಗಾದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಸೊಲ್ಲಾಪುರದ ಶೇಂಗಾ ಹಿಂಡಿಗೆ ಎಲ್ಲೆಡೆ ಹೆಸರಿದೆ. ಒಣ ಚಮಚ ಬಳಸಿದರೆ ಅದಕ್ಕೆ ಫ್ರಿಜ್ಜೇ ಬೇಡ. ಆದರೆ ಹಸಿಯಾಗಿ ರಾಶಿ ಹಾಕಿದ ಶೇಂಗಾಕ್ಕೆ ಬೂಸರು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದು. ಅದು ಯಕೃತ್ತನ್ನು ಕೆಡಿಸುವುದು. ಹುರಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತದ ಪಂಚಮಹಲ ಜಿಲ್ಲೆಗಳಲ್ಲಿ ಬೂಸರು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಬಡವರು ಸತ್ತರು. ಹಸಿವಿಗೆ ಬೇರೆ ಕಾಳಿಲ್ಲದೆ ಅದನ್ನೇ ತಿಂದವರು ಅವರು. ಕಾಯಿ ಅಲುಗಿಸಿದರೆ ಗಲಗಲ ಸಪ್ಪಳ ಬರುವವರೆಗೆ ಒಣಗಿಸಿರಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಮನುಷ್ಯರಿಗೂ ಬೇಡ, ದನಗಳಿಗೂ ಬೇಡ. ಆ ವಿಷ ಹಿಂಡುವ ಎಮ್ಮೆಯ ಹಾಲಿಗೂ ಇಳಿಯುವುದು.

ಬೆಲ್ಲ, ಜೇನು, ತುಪ್ಪ, ಎಣ್ಣೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣ ಕೊಬ್ಬರಿ ಇವೆಲ್ಲ ಬಾಯಿ ಬಿಗಿದ ಡಬ್ಬಿ, ಭರಣಿಗಳಲ್ಲಿ ಹೊರಗೇ ಇರಲಿ. ಥಂಡಿಗಿಟ್ಟ ಜೇನು ಬೇಗ ಹರಳುಗಟ್ಟುವುದು. ಥಂಡಿಯಿಂದ ಹೊರತೆಗೆದ ಬೆಲ್ಲಕ್ಕೆ ನೀರು ಬೆವೆತು ಅಂಟಾಗುವುದು.

ಫ್ರಿಜ್ಜು ಇಲ್ಲದ ಮನೆಗೆ

ಫ್ರಿಜ್ಜು ಇಲ್ಲವೆಂದು ಹಳಹಳಿಸಬೇಕಾಗಿಲ್ಲ. ಹರವಿಯ ನೀರು ತಣ್ಣಗಾಗುವುದೇಕೆ? ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಒಯ್ಯುವುದು. ಇದೇ ತತ್ವದಿಂದ ದೆಹಲಿಯ ಪೂಸಾ ಕೃಷಿ ಸಂಶೋಧನ ಸಂಸ್ಥೆಯವರು 1980ರ ದಶಕದಲ್ಲಿ ಇಟ್ಟಂಗಿಯ ತಂಪು ಗೂಡನ್ನು ರೂಪಿಸಿದರು. ಎರಡು ಇಟ್ಟಂಗಿಯ ಗೋಡೆ, ನಡುವೆ ಮೂರು ಇಂಚಿನ ಉಸುಕು, ದಿನಕ್ಕೆ ಎರಡು ಹೊತ್ತು ನೀರು, ಕರೆಂಟಿನ ಖರ್ಚಿಲ್ಲ. ಬಿರುಬಿಸಿಲಿನಲ್ಲಿ ಹೊರಗಿಗಿಂತ 10–15 ಡಿಗ್ರಿ ತಂಪು. ನೈಜೀರಿಯ ದೇಶದ ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು 1990ರ ದಶಕದಲ್ಲಿ ಗಡಿಗೆಯೊಳಗೆ ಗಡಿಗೆಯಿಟ್ಟು, ನಡುವೆ ಹಸಿ ಉಸುಕು ತುಂಬಿ ತಮ್ಮ ಬಡ ಒಕ್ಕಲಿಗರಿಗೆ ಹಂಚಿದರು.

ನಿಮ್ಮ ಮನೆಯಲ್ಲಿಯೂ ದೊಡ್ಡ ಗಡಿಗೆಯೊಂದು, ಸಣ್ಣ ಗಡಿಗೆಯೊಂದು, ಒಂದು ಬುಟ್ಟಿ ಉಸುಕು, ಹಸಿ ಗೋಣಿತಟ್ಟು ಇದ್ದರೆ ಸಾಕು. ನೆರಳಿನಲ್ಲಿ, ಗಾಳಿ ಬೀಸುವ ಕಡೆ ಇಡಿರಿ. ಗಾಳಿ ಒಣಗಿದಷ್ಟೂ ಇದು ಹೆಚ್ಚು ತಂಪು ಮಾಡುವುದು. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳ ಹಸಿಗಾಳಿಯಲ್ಲಿ ಇದು ಇಷ್ಟಾಗಿ ಫಲಿಸದು. ಬರದ ಸೀಮೆಯವರಾದ ನಮಗೆ ನಮ್ಮ ಒಣಗಾಳಿಯೇ ಇಲ್ಲಿ ಉಪಕಾರಿ. ತಪ್ಪಲು ಪಲ್ಯ, ಬದನೆ, ಟೊಮ್ಯಾಟೊ ಇದರಲ್ಲಿ ಚೆನ್ನಾಗಿ ಉಳಿಯುವವು. ಆದರೆ ಇದು 5 ಡಿಗ್ರಿಗೆ ಇಳಿಯುವ ಸಾಧನವಲ್ಲ. ಉಳಿದ ಅಡಿಗೆ, ಮಾಂಸಗಳನ್ನು ಇದರ ಭರವಸೆಯ ಮೇಲೆ ಇಡಬಾರದು. ಹಾಲಿಗೆ ಕೆಲವು ತಾಸಿನ ಆಸರೆ ಮಾತ್ರ. ಉಳ್ಳಾಗಡ್ಡಿಯನ್ನಂತೂ ಈ ತೇವದ ಹತ್ತಿರವೂ ತರಬೇಡಿರಿ.

ಕರೆಂಟು ಹೋದಾಗ

ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಡಿರಿ. ಮುಚ್ಚಿಟ್ಟರೆ ಸುಮಾರು ನಾಲ್ಕು ತಾಸು ತಂಪು ಉಳಿಯುವುದು. ಅದಕ್ಕೂ ಹೆಚ್ಚು ಹೊತ್ತಾದರೆ ಹಾಲು ಕೆಟ್ಟಿತೋ ಎಂದು ಮೂಸಿ ತೀರ್ಮಾನಿಸಬೇಡಿರಿ. ರೋಗ ತರುವ ಜಂತುಗಳು ಎಷ್ಟೋ ಸಲ ವಾಸನೆಯನ್ನು ಬಿಡುವುದಿಲ್ಲ. ಒಂದು ಬಟ್ಟಲು ಪಲ್ಯದ ಲೋಭಕ್ಕೆ ಕೂಸಿಗೆ ವಾಂತಿ-ಭೇದಿ ತಂದುಕೊಂಡು ರಾತ್ರಿ ದವಾಖಾನೆಗೆ ಓಡುವುದು ಜಾಣತನವಲ್ಲ.

ಫ್ರಿಜ್ಜನ್ನು ಕಿಕ್ಕಿರಿದು ತುಂಬಿದರೆ ಒಳಗೆ ಥಂಡಿ ಗಾಳಿ ಆಡುವುದಿಲ್ಲ. ಆದುದರಿಂದ ಈ ವಾರವೇ ಒಮ್ಮೆ ಬಾಗಿಲು ತೆಗೆದು ನೋಡಿರಿ. ಉಳ್ಳಾಗಡ್ಡಿ ನೆಲುವಿಗೆ, ಬಟಾಟಿ ಕತ್ತಲೆಯ ಮೂಲೆಗೆ, ಬೆಲ್ಲ ಡಬ್ಬಿಗೆ ಹೋಗಲಿ. ಹಿಂದಿನ ತಂಪಾದ ಜಾಗದಲ್ಲಿ ಮಕ್ಕಳ ಹಾಲು ಕೂಡಲಿ. ಇಷ್ಟು ಮಾಡಿದರೆ ಸಣ್ಣ ಫ್ರಿಜ್ಜೂ ದೊಡ್ಡ ಸಂಸಾರಕ್ಕೆ ಸಾಕಾಗುವುದು.