ಕಾಲು ನೋಯದಿದ್ದರೆ ಸರಿಯಾಗಿದೆ ಎಂದಲ್ಲ

ನಮ್ಮ ದಾದಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಒಬ್ಬರಾದರೂ ಇರಬಹುದು. ಶುಗರ್ ಎಂದರೆ ಅನ್ನ, ಸಿಹಿ, ಮಾತ್ರೆಯ ಮಾತು ಬರುತ್ತದೆ. ಪಾದದ ಮಾತು ಬರುವುದು ಕಡಿಮೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಹಾಳಾಗಿ ಬಿಸಿ, ನೋವು ತಿಳಿಯದಂತಾಗಬಹುದು. ರಕ್ತನಾಳಗಳೂ ಕಿರಿದಾದರೆ ಗಾಯ ಬೇಗ ಮಾಯುವುದಿಲ್ಲ. ಚಪ್ಪಲಿ ಕಚ್ಚಿ ಬೊಬ್ಬೆ ಎದ್ದರೆ ನಾವು ಕುಂಟುತ್ತೇವೆ. ಸ್ಪರ್ಶ ಕಳೆದುಕೊಂಡವರು ಅದರ ಮೇಲೆಯೇ ನಡೆಯುತ್ತಾರೆ. ಅದು ಹುಣ್ಣಾಗಿ, ಸೋಂಕು ಮೂಳೆಗೆ ಇಳಿದರೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಬಹುದು. ಆದ್ದರಿಂದ ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕು. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡುವುದು ಕಷ್ಟ. ಆ ಕೆಲಸ ನಮ್ಮದಾಗಲಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅವರಿಗೆ ಕಣ್ಣು ಮುಚ್ಚಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಿ, ಒತ್ತಬೇಡಿ. ಆರರಲ್ಲಿ ಎರಡು ಕಡೆ ತಿಳಿಯದಿದ್ದರೂ ವೈದ್ಯರಿಗೆ ತೋರಿಸಬೇಕು. ಎಲ್ಲ ಕಡೆ ತಿಳಿದರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಬೇಕೇ ಬೇಕು.

ನಮಾಜಿಗೆ ಮೊದಲು ವುಝೂ ಮಾಡುವಾಗ ಹೇಗೂ ಪಾದ ತೊಳೆಯುತ್ತೇವೆ. ಅದರಲ್ಲಿ ಒಂದು ಹೊತ್ತನ್ನು ಪಾದ ನೋಡಲು ಗೊತ್ತು ಮಾಡಿಕೊಳ್ಳಿ. ನಾನು ಮಗ್ರಿಬ್ ಹೊತ್ತಿಗೆ ದಾದಿಯ ಪಾದ ನೋಡುತ್ತೇನೆ. ತೊಳೆದ ಮೇಲೆ ಬೆರಳ ಸಂದುಗಳನ್ನು ಬಟ್ಟೆಯಿಂದ ಒರೆಸಬೇಕು. ತೇವ ಉಳಿದರೆ ಅಲ್ಲಿ ಬೂಷ್ಟು ಸೋಂಕು ಬರುತ್ತದೆ. ಚಳಿಗಾಲದಲ್ಲಿ ಬಿಸಿನೀರು ಬಳಸುವುದಾದರೆ ಮೊದಲು ನೀವು ಮೊಣಕೈ ಅದ್ದಿ ನೋಡಿ. ಬೇಸಿಗೆಯ ಮಧ್ಯಾಹ್ನ ಮಸೀದಿಯ ಅಂಗಳದ ಕಲ್ಲು ಸುಡುತ್ತದೆ; ಕಾಲುಚೀಲ ಇರಲಿ.

ಇನ್ನು ಕೆಲವು ಮಾತು:
- ಮನೆಯೊಳಗೂ ಚಪ್ಪಲಿ ಹಾಕಲಿ. ಹಾಕುವ ಮುನ್ನ ಒಳಗೆ ಕಲ್ಲು, ಮೊಳೆ ಇದೆಯೇ ಎಂದು ಕೈಯಿಂದ ತಡಕಬೇಕು.
- ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ.
- ಆಣಿಗೆ ಬ್ಲೇಡು, ಅಂಗಡಿಯ ಪಟ್ಟಿ ಬೇಡ.
- ಒಡೆದ ಹಿಮ್ಮಡಿಗೆ ವ್ಯಾಸಲಿನ್ ಹಚ್ಚಬಹುದು. ಬೆರಳ ಸಂದಿಗೆ ಬೇಡ.

ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರು, "ನೋವಿಲ್ಲವಲ್ಲ, ಭಾನುವಾರ ನೋಡೋಣ" ಎನ್ನುತ್ತಾರೆ. ಹುಣ್ಣು, ಕೀವು, ದುರ್ವಾಸನೆ, ಕಪ್ಪಾದ ಬೆರಳು, ಒಂದೇ ಪಾದ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುವುದು, ಇವು ಭಾನುವಾರದವರೆಗೆ ಕಾಯುವಂಥವಲ್ಲ. ವಿಕ್ಟೋರಿಯಾ ಆಸ್ಪತ್ರೆ ನಮಗೆ ಹತ್ತಿರ. ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಅಂಥ ಗುರುತು ಕಂಡ ದಿನವೇ ಅವರ ಕೈ ಹಿಡಿದು ಕರೆದುಕೊಂಡು ಹೋಗಿ.