ಪೂರ್ವಪಕ್ಷಕ್ಕೊಂದು ಪೀಠ: ಆಕ್ಸ್‌ಫರ್ಡ್‌ನ ಸಾಕ್ರಟಿಕ್ ಕ್ಲಬ್

ಧರ್ಮವೊಂದರ ಬೌದ್ಧಿಕ ಪರಂಪರೆಯನ್ನು ವಿಶ್ವವಿದ್ಯಾಲಯದ ಆವರಣದಲ್ಲಿ ಚರ್ಚೆಗೆ ತಂದಾಗ ಅದು ಪ್ರಚಾರವಾಗದೆ ಜಿಜ್ಞಾಸೆಯಾಗಿ ಉಳಿಯುವುದು ಹೇಗೆ? ವಿದ್ಯಾರ್ಥಿಗಳೇ ಏರ್ಪಡಿಸುವ ಕ್ರೈಸ್ತ ಚಿಂತನೆಯ ಉಪನ್ಯಾಸಗಳನ್ನು ಕುರಿತು ಈ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ. ಇದಕ್ಕೆ ಉತ್ತರವು ಬಹುಮಟ್ಟಿಗೆ ಸಭೆಯ ರಚನೆಯಲ್ಲಿಯೇ ಇದೆ ಎಂಬುದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಾಕ್ರಟಿಕ್ ಕ್ಲಬ್ಬಿನ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದ್ವಿತೀಯ ಮಹಾಯುದ್ಧದ ಸಂದರ್ಭದಲ್ಲಿ, ಸಂದೇಹವಾದಿಗಳ ಪ್ರಶ್ನೆಗಳನ್ನು ಗಂಭೀರವಾಗಿ ಎದುರಿಸುವವರಿಲ್ಲವೆಂದು ಸೋಮರ್‌ವಿಲ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಆಕ್ಷೇಪಿಸಿದಳು. ಇದರ ಫಲವಾಗಿ, ವಿದ್ಯಾರ್ಥಿನಿಯರ ಧಾರ್ಮಿಕ ಮಾರ್ಗದರ್ಶಕಿಯಾಗಿದ್ದ ಸ್ಟೆಲ್ಲಾ ಆಲ್ಡ್‌ವಿಂಕಲ್ 1941ರ ಕೊನೆಯಲ್ಲಿ ಈ ಸಂಘಕ್ಕೆ ನಾಂದಿ ಹಾಡಿದರು. ಮೊದಲ ಸಭೆ 1942ರ ಜನವರಿಯಲ್ಲಿ ಜರುಗಿತು. ವಿದ್ಯಾರ್ಥಿ ಸಂಘಕ್ಕೆ ಹಿರಿಯ ಅಧ್ಯಾಪಕರೊಬ್ಬರ ಹೊಣೆಗಾರಿಕೆ ಅಗತ್ಯವಾಗಿದ್ದುದರಿಂದ ಸಾಹಿತ್ಯ ವಿದ್ವಾಂಸ ಸಿ. ಎಸ್. ಲೂಯಿಸ್ ಅಧ್ಯಕ್ಷರಾದರು, 1954ರವರೆಗೂ ಆ ಸ್ಥಾನದಲ್ಲಿದ್ದರು.

ಸಭೆಯ ಕ್ರಮ ಸರಳವಾಗಿತ್ತು. ಒಬ್ಬರು ಪ್ರಬಂಧ ಮಂಡಿಸುವುದು, ಇನ್ನೊಬ್ಬರು ಅದಕ್ಕೆ ಉತ್ತರಿಸುವುದು, ಅನಂತರ ಮುಕ್ತ ಚರ್ಚೆ. ನಮ್ಮ ಶಾಸ್ತ್ರಪರಂಪರೆಯಲ್ಲಿ ಸಿದ್ಧಾಂತಿಯು ಪೂರ್ವಪಕ್ಷವನ್ನು ತಾನೇ ನಿರೂಪಿಸಿ ಖಂಡಿಸುವುದು ವಾಡಿಕೆ. ಇಲ್ಲಿ ಆ ಪಕ್ಷವನ್ನು ಅದನ್ನು ನಂಬಿದವರೇ ಬಂದು ಮಂಡಿಸುತ್ತಿದ್ದರು. ನಿರೀಶ್ವರವಾದಿ ಆಂಟನಿ ಫ್ಲೂ ದೇವರನ್ನು ಕುರಿತ ಹೇಳಿಕೆಗಳ ಅರ್ಥವಂತಿಕೆಯನ್ನೇ ಪ್ರಶ್ನಿಸಿದ ತಮ್ಮ ಪ್ರಸಿದ್ಧ ಪ್ರಬಂಧವನ್ನು ಮೊದಲು ಓದಿದ್ದು ಇದೇ ವೇದಿಕೆಯಲ್ಲಿ.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು 1948ರ ಫೆಬ್ರವರಿ 2ರಂದು. ಆಲೋಚನೆಗಳೆಲ್ಲ ವಿವೇಕರಹಿತ ಕಾರಣಗಳ ಪರಿಣಾಮವಾದರೆ ಯಾವ ಆಲೋಚನೆಯೂ ಪ್ರಮಾಣವಾಗದು. ಆದ್ದರಿಂದ ಪ್ರಕೃತಿವಾದವು ತನ್ನನ್ನೇ ನಿರಾಕರಿಸಿಕೊಳ್ಳುತ್ತದೆ ಎಂಬುದು ಲೂಯಿಸರು 1947ರ ‘ಮಿರಾಕಲ್ಸ್’ ಕೃತಿಯಲ್ಲಿ ಹೂಡಿದ್ದ ವಾದ. ಇದನ್ನು ಪ್ರಶ್ನಿಸಿದವರು ತರುಣ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕಂಬ್. ಸ್ವತಃ ಕ್ಯಾಥೊಲಿಕ್ ಶ್ರದ್ಧಾವಂತೆ. ಆಲೋಚನೆಯೊಂದು ಹುಟ್ಟಿದ ಕಾರಣವೇ ಬೇರೆ, ಅದನ್ನು ಸಮರ್ಥಿಸುವ ಆಧಾರವೇ ಬೇರೆ ಎಂದು ಅವರು ತೋರಿಸಿದರು. ಭಾರತೀಯ ತರ್ಕದ ಕಾರಕಹೇತು ಮತ್ತು ಜ್ಞಾಪಕಹೇತುಗಳ ಭೇದವನ್ನು ಇಲ್ಲಿ ನೆನೆಯಬಹುದು: ಬೆಂಕಿಯು ಹೊಗೆಯನ್ನು ಹುಟ್ಟಿಸುತ್ತದೆ, ಹೊಗೆಯು ಬೆಂಕಿಯನ್ನು ತಿಳಿಸುತ್ತದೆ.

ಲೂಯಿಸರು ಈ ಆಕ್ಷೇಪವನ್ನು ಮನಗಂಡು ಆ ಕೃತಿಯ ಮೂರನೆಯ ಅಧ್ಯಾಯವನ್ನು ಪರಿಷ್ಕರಿಸಿದರು. ಪರಿಷ್ಕೃತ ರೂಪ 1960ರಲ್ಲಿ ಪ್ರಕಟವಾಯಿತು. ಈ ಪುನರ್ಲೇಖನದಲ್ಲಿ ಲೂಯಿಸರ ಪ್ರಾಮಾಣಿಕತೆ ವ್ಯಕ್ತವಾಗಿದೆಯೆಂದು ಆನ್ಸ್‌ಕಂಬ್ 1981ರಲ್ಲಿ ಗುರುತಿಸಿರುವುದು ಗಮನಾರ್ಹ.

ಕ್ಲಬ್ಬು 1972ರಲ್ಲಿ ನಿಂತುಹೋಯಿತು. ಹಾರ್ವರ್ಡ್‌ನಲ್ಲಿ 1992ರಲ್ಲಿ ಆರಂಭವಾದ ವೆರಿಟಾಸ್ ಫೋರಂ ಈ ಬಗೆಯ ಉಪನ್ಯಾಸಗಳನ್ನು ಇತರ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. ಇಂತಹ ಸಭೆಗಳನ್ನು ಅಳೆಯಲು ಸಾಕ್ರಟಿಕ್ ಕ್ಲಬ್ಬು ಒಂದು ಮಾನದಂಡವನ್ನು ಬಿಟ್ಟುಹೋಗಿದೆ. ಪ್ರತಿವಾದಿಗೆ ಸಮಾನ ಪೀಠವಿದೆಯೇ, ಅಧ್ಯಕ್ಷರ ವಾದವೂ ಅಲ್ಲಿ ತಿದ್ದುಪಡಿಗೆ ಒಳಗಾಗಬಲ್ಲುದೇ ಎಂಬುದನ್ನು ಮೊದಲು ಕೇಳಬೇಕು. ಈ ಪ್ರಶ್ನೆ ಯಾವುದೇ ಒಂದು ಧರ್ಮಕ್ಕೆ ಸೀಮಿತವಾದುದಲ್ಲ.